ಒಳಗೆ ಇಣುಕಲಾಗದ ಕಣವನ್ನು ‘ಅಣು’ ಎನ್ನುವುದು ಹೇಗೆ?

ಕೆಲವು ಭಾರವಾದ ಬೇರಿಯಾನ್‌ಗಳನ್ನು (ಸಾಮಾನ್ಯವಾಗಿ ಕ್ವಾರ್ಕ್ ಎಂಬ ಮೂರು ಮೂಲಕಣಗಳಿಂದಾದ, ಪ್ರೋಟಾನಿನಂಥ ಕಣಗಳನ್ನು) ಹ್ಯಾಡ್ರಾನ್‌ಗಳ, ಎಂದರೆ ಕ್ವಾರ್ಕ್‌ಗಳಿಂದಾದ ಇಡೀ ಕಣಗಳ, ಅಣು ಎಂದು ನಾನು ಕರೆದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ಹುಟ್ಟಿದ ಕ್ಷಣದಲ್ಲೇ ಒಡೆದುಹೋಗುವ ಕಣದೊಳಗೆ ಮೂರು ಕ್ವಾರ್ಕ್‌ಗಳು ಒತ್ತೊತ್ತಾಗಿ ಸೇರಿವೆಯೋ, ಎರಡು ಇಡೀ ಕಣಗಳು ಸಡಿಲವಾಗಿ ಅಂಟಿಕೊಂಡಿವೆಯೋ ಎಂಬುದು ಹೇಗೆ ತಿಳಿಯುತ್ತದೆ? ಅದು ಒಡೆಯುವ ಬಗೆಯಿಂದ ಎಂಬುದು ನನ್ನ ಉತ್ತರ.

ಅಮೆರಿಕದ ಬಾಬಾರ್ ಪ್ರಯೋಗದಲ್ಲಿ ಪತ್ತೆಯಾದ ಲ್ಯಾಂಬ್ಡಾ-ಸಿ(2940) ಕಣವನ್ನೇ ನೋಡೋಣ. ಅದರ ದ್ರವ್ಯರಾಶಿ ಸುಮಾರು 2939.6 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್; ಕಣಗಳ ದ್ರವ್ಯರಾಶಿಗೂ ಶಕ್ತಿಗೂ ಬಳಸುವ ಮಾನ). ವಿದ್ಯುದಂಶವಿಲ್ಲದ ಡಿ-ಸ್ಟಾರ್ ಎಂಬ ಮೆಸಾನ್ (ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಸೇರಿದ ಕಣ) ಮತ್ತು ಪ್ರೋಟಾನ್‌ಗಳ ದ್ರವ್ಯರಾಶಿಗಳನ್ನು ಕೂಡಿದರೆ 2945.1 ಆಗುತ್ತದೆ. ಕಡಿಮೆಬೀಳುವ 5.5 ಎಂಇವಿಯನ್ನು ಬಂಧನ ಶಕ್ತಿ ಎಂದುಕೊಂಡರೆ, ಜೋಡಿಯ ಹರವು ಸುಮಾರು 2.3 ಫೆಮ್ಟೊಮೀಟರ್ ಎಂದು ಲೆಕ್ಕ ಸಿಗುತ್ತದೆ. ಪ್ರೋಟಾನಿನ ತ್ರಿಜ್ಯವಾದರೋ 0.84 ಮಾತ್ರ. ಆದರೂ ದ್ರವ್ಯರಾಶಿಯ ಈ ಸಾಮೀಪ್ಯ ಕಾಕತಾಳೀಯವೂ ಆಗಿರಬಹುದಾದ್ದರಿಂದ ಅದೊಂದನ್ನೇ ಪುರಾವೆಯೆಂದು ನಾನು ಒಪ್ಪುವುದಿಲ್ಲ.

ವಿಘಟನೆ ಹೆಚ್ಚು ಹೇಳುತ್ತದೆ. ಒಂಟಿಯಾಗಿರುವ ಡಿ-ಸ್ಟಾರ್, ತನಗಿಂತ ತುಸು ಹಗುರವಾದ ಡಿ ಮೆಸಾನ್ ಮತ್ತು ಅತಿ ಹಗುರವಾದ ಮೆಸಾನ್ ಆದ ಪಯಾನ್‌ಗಳಾಗಿ ಒಡೆಯುವಾಗ ಬಿಡುಗಡೆಯಾಗುವುದು ಬರೀ 7 ಎಂಇವಿ. ಪ್ರೋಟಾನಿನೊಡನೆ ಬಂಧಿತವಾಗಿದ್ದಾಗ ಅದರಲ್ಲಿ 5.5 ಬಂಧನಕ್ಕೇ ಸಂದು, ಮಿಕ್ಕ ಒಂದೂವರೆಯಲ್ಲಿ ಪಯಾನ್ ಹೊರಬೀಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಆಗ ಪಕ್ಕದಲ್ಲಿರುವ ಪ್ರೋಟಾನ್ ಆ ಪಯಾನನ್ನು ನುಂಗಿಕೊಳ್ಳುತ್ತದೆ. ಪಯಾನಿನ ಇಡೀ ದ್ರವ್ಯರಾಶಿ ಚಲನೆಯಾಗಿ ಮಾರ್ಪಟ್ಟು, ಡಿ ಮೆಸಾನ್ ಮತ್ತು ಪ್ರೋಟಾನ್ ಸುಮಾರು 136 ಎಂಇವಿ ಹಂಚಿಕೊಂಡು ಸಿಡಿಯುತ್ತವೆ. ಡಿ-ಸ್ಟಾರ್‌ನ ಸ್ವಂತ ಅಗಲ (ದ್ರವ್ಯರಾಶಿಯ ಹರಡಿಕೆ; ಕಣ ಬೇಗ ಒಡೆದಷ್ಟೂ ಇದು ಹೆಚ್ಚು) 2.1 ಎಂಇವಿಗಿಂತ ಕಡಿಮೆಯಿದ್ದು ಈ ಬೇರಿಯಾನಿನ ಅಗಲ 20ರ ಆಸುಪಾಸಿನಲ್ಲಿರುವುದಕ್ಕೆ, ಅಣುಚಿತ್ರದಲ್ಲಿ, ನೆರೆಯ ಕಣದ ಇಂಥ ಪಾತ್ರವೇ ಕಾರಣವಾಗಬೇಕು. ಇಷ್ಟು ಸಣ್ಣ ಲೆಕ್ಕದಲ್ಲಿ ಇಷ್ಟೊಂದು ಭೌತವಿಜ್ಞಾನ ಅಡಗಿರುವುದು ನನಗೆ ಇಂದಿಗೂ ಬೆರಗು.

ಸಿಗ್ಮಾ-ಸಿ ಎಂಬ ಬೇರಿಯಾನ್ ಮತ್ತು ಪಯಾನ್‌ಗಳಾಗಿ ಒಡೆಯುವ ಇನ್ನೊಂದು ದಾರಿ ಬೇರೆ ಬಗೆಯದು. ಅಲ್ಲಿ ಡಿ-ಸ್ಟಾರ್‌ನಲ್ಲಿರುವ ಚಾರ್ಮ್ ಎಂಬ ಭಾರವಾದ ಕ್ವಾರ್ಕ್ ಮೆಸಾನನ್ನು ಬಿಟ್ಟು ಬೇರಿಯಾನಿಗೆ ದಾಟಬೇಕು. ಅದಕ್ಕೆ ಭಾರವಾದ ಡಿ ಮೆಸಾನ್ ಅಥವಾ ನ್ಯೂಕ್ಲಿಯಾನ್ (ಪ್ರೋಟಾನ್ ಇಲ್ಲವೇ ನ್ಯೂಟ್ರಾನ್) ವಿನಿಮಯವಾಗಬೇಕಾದ್ದರಿಂದ ಎರಡೂ ಕಣಗಳು ತೀರ ಹತ್ತಿರ ಬಂದಿರಬೇಕು. ಹೀಗಾಗಿ ಎರಡು ದಾರಿಗಳ ಅನುಪಾತಕ್ಕೆ ಒಳರಚನೆಯ ಸುಳಿವು ಅಂಟಿಕೊಂಡಿರುತ್ತದೆ. ಬಿಡಿ ಅಗಲಗಳ ಲೆಕ್ಕಕ್ಕಿಂತ ಈ ಅನುಪಾತವನ್ನೇ ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಲೆಕ್ಕದಲ್ಲಿ ನಾವೇ ಆಯ್ದುಕೊಳ್ಳುವ ಹರವಿನ ಮಿತಿ ಬದಲಾದಂತೆ ಅಗಲಗಳು ಬಹಳ ಏರಿಳಿಯುತ್ತವೆ.

ಎಲ್‌ಎಚ್‌ಸಿಬಿ ಪ್ರಯೋಗ 2017ರಲ್ಲಿ ಈ ಕಣದ ಗಿರಕಿ (ಸ್ಪಿನ್) 3/2, ಪ್ಯಾರಿಟಿ (ಕನ್ನಡಿಯಲ್ಲಿನಂತೆ ದಿಕ್ಕುಗಳನ್ನು ತಿರುಗಿಸಿದಾಗಿನ ವರ್ತನೆಯ ಚಿಹ್ನೆ) ಋಣ ಇರುವ ಸಂಭವವೇ ಹೆಚ್ಚು ಎಂದಿತು. ಕೋನೀಯ ಸಂವೇಗವಿಲ್ಲದೆ ಕೂಡಿದ ಡಿ-ಸ್ಟಾರ್–ಪ್ರೋಟಾನ್ ಜೋಡಿಗೆ ಇದು ಒಪ್ಪುತ್ತದೆ; ಉದ್ರಿಕ್ತ ಸ್ಥಿತಿಯಲ್ಲಿರುವ ಮೂರು ಕ್ವಾರ್ಕ್‌ಗಳ ಬೇರಿಯಾನಿಗೂ ಒಪ್ಪುತ್ತದೆ.