ಭೋಜಪುರಿಯಲ್ಲಿ ಜಾನಪದ ಅಂತ ಏನಾದರೂ ಉಳಿದಿದೆಯಾ?

ಬ್ಯಾಂಕ್ ನೌಕರಿಯ ನೆಪದಲ್ಲಿ ಬಿಹಾರದ ಛಪ್ರಾದಲ್ಲಿ ನಾಲ್ಕು ವರ್ಷ ಇದ್ದು, ಅಲ್ಲಿನ ಭೋಜಪುರಿ ಹಾಡುಗಳ ಹುಚ್ಚು ಅಂಟಿಸಿಕೊಂಡು ಬಂದವನು ನಾನು. ಅದು ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಭೋಜಪುರಿ ಅಂದ್ರೆ ಆ ಡಬಲ್ ಮೀನಿಂಗ್ ಹಾಡುಗಳೇ ಅಲ್ವಾ ಸಾರ್? ಜಾನಪದ ಇನ್ನೂ ಇದೆಯಾ?"

ಇದೆ, ಅರ್ಧ. ಕೆಲಸದ ಹಾಡು ಹೋಯಿತು, ಶಾಸ್ತ್ರದ ಹಾಡು ಉಳಿಯಿತು.

ನಮ್ಮ ಮನೆ ಓನರ್ ತಾಯಿಗೆ ಎಂಬತ್ತರ ಹತ್ತಿರ. ಎಲ್ಲರೂ 'ಆಜಿ' ಅನ್ನುತ್ತಿದ್ದರು. ಒಮ್ಮೆ ಜಂತಸಾರ್ ಹಾಡಿ ಅಂತ ದುಂಬಾಲು ಬಿದ್ದೆ. ಜಾಂತಾ ಅಂದರೆ ಬೀಸುವ ಕಲ್ಲು. ಜಂತಸಾರ್ ಅಂದರೆ ನಮ್ಮ ಬೀಸೋ ಪದವೇ. ಎರಡು ಸಾಲು ಹಾಡಿ ತಡವರಿಸಿದರು. ಮುಂದಿನದು ಬಾಯಿಗೆ ಬರಲೊಲ್ಲದು. ಸೊಸೆಗೆ ಹೇಳಿ ಸ್ಟೀಲ್ ತಟ್ಟೆ ತರಿಸಿ ನೆಲದ ಮೇಲೆ ಬೋರಲು ಹಾಕಿಕೊಂಡರು, ಅದರ ಮೇಲೆ ಮುಷ್ಟಿ ಇಟ್ಟು ಗೂಟ ಹಿಡಿದವರಂತೆ ತಿರುಗಿಸತೊಡಗಿದರು. ನಾಲ್ಕು ಸುತ್ತಿಗೆ ಹಾಡು ತಾನಾಗಿ ಬಂತು. ಕೈ ಸೋತು ನಿಂತಾಗ ಅದೂ ನಿಂತಿತು. ಹಿಟ್ಟು ಗಿರಣಿಯಿಂದ ಬರುವ ಆ ಮನೆಯಲ್ಲಿ ಸೊಸೆಗೆ ಅದರ ಒಂದು ಸಾಲೂ ಗೊತ್ತಿರಲಿಲ್ಲ.

ಅದೇ ಸೊಸೆ ಪಕ್ಕದ ಮನೆಯಲ್ಲಿ ಮಗು ಹುಟ್ಟಿದರೆ ಸೋಹರ್ ಹಾಡಲು ಮೊದಲು ಓಡುತ್ತಿದ್ದಳು. ಸೂರ್ಯನನ್ನು ಪೂಜಿಸುವ ಛಠ್ ಹಬ್ಬ ಬಂತೆಂದರೆ ಕೇಳಲೇಬೇಡಿ. ತೊಳೆದ ಗೋಧಿಯನ್ನು ಮಹಡಿ ಮೇಲೆ ಒಣಗಹಾಕಿ, ಹಕ್ಕಿ ಬಾಯಿ ಹಾಕದಂತೆ ಕಾಯುತ್ತಾ ಹಾಡು. ನೈವೇದ್ಯದ ಸಿಹಿತಿಂಡಿ ಠೇಕುಆ ಕರಿಯುತ್ತಾ ಹಾಡು. ಮುಳುಗುವ ಸೂರ್ಯನಿಗೆ ಅರ್ಘ್ಯ ಕೊಡಲು ನದಿಗೆ ಹೋಗುವಾಗ ದಾರಿಯುದ್ದಕ್ಕೂ ಹಾಡು. ಛಠ್‌ಗೆ ಪುರೋಹಿತರು ಬೇಕಿಲ್ಲ. ಮಂತ್ರದ ಜಾಗದಲ್ಲಿ ಹಾಡು ಕೂತಿದೆ, ಹಾಗಾಗಿ ಅದನ್ನು ಬಿಡುವ ಹಾಗಿಲ್ಲ.

ಕ್ಯಾಸೆಟ್ಟು ಜಾನಪದ ಕೆಡಿಸಿತು ಅನ್ನುವವರಿಗೆ ನಾನು ಗಾಯಕಿ ಶಾರದಾ ಸಿನ್ಹಾ ಹೆಸರು ಹೇಳುತ್ತೇನೆ. ಹುಟ್ಟಿದ್ದು ಮಿಥಿಲೆಯಲ್ಲಿ, ಹಾಡಿದ್ದು ಮೈಥಿಲಿ, ಭೋಜಪುರಿ ಎರಡರಲ್ಲೂ. ಅವರ ಛಠ್ ಹಾಡುಗಳು ಕ್ಯಾಸೆಟ್ಟಿನಿಂದಲೇ ಮನೆಮನೆ ಮುಟ್ಟಿದವು. 2024ರ ನವೆಂಬರ್ 5ರಂದು, ಛಠ್‌ನ ಮೊದಲ ದಿನವೇ ತೀರಿಕೊಂಡರು. ಈಗ ಬೆಂಗಳೂರಿನ ಕೆರೆ ದಂಡೆಗಳಲ್ಲೂ ಕಾರ್ತಿಕ ಷಷ್ಠಿಯ ಸಂಜೆ ಅದೇ ದನಿ ಕೇಳುತ್ತೀರಿ.

ಸಮುದ್ರದಾಚೆಯೂ ಇದೇ ಕಥೆ. 1834ರಿಂದ ಕಬ್ಬಿನ ತೋಟದ ಕೂಲಿಗೆಂದು ಮಾರಿಷಸ್‌ಗೆ ಹೋದವರ ಮೊಮ್ಮಕ್ಕಳ ಮೊಮ್ಮಕ್ಕಳು ಇವತ್ತಿಗೂ ಮದುವೆಗೆ ಮುಂಚೆ ಗೀತ್-ಗವಾಯಿ ನಡೆಸುತ್ತಾರೆ: ಹೆಂಗಸರು, ಢೋಲಕ್, ಲೋಟಾ, ಚಮಚ. 2016ರಲ್ಲಿ ಯುನೆಸ್ಕೋ ಅದನ್ನು ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಅಲ್ಲೂ ಹಾಡನ್ನು ಕಾಪಾಡಿದ್ದು ಮದುವೆ ಶಾಸ್ತ್ರ.

ಇನ್ನು ಡಬಲ್ ಮೀನಿಂಗ್ ವಿಷಯ. ಪೋಲಿತನ ಆ ಜಾನಪದಕ್ಕೆ ಹೊಸದೇನಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಬೈದು ಹಾಡುವ 'ಗಾರಿ' ಕೇಳಿದರೆ ಕಿವಿ ಕೆಂಪಾಗುತ್ತದೆ. ಆದರೆ ಅಲ್ಲಿ ಹೆಂಗಸರು ಗಂಡಸರನ್ನು ಆಡಿಕೊಳ್ಳುತ್ತಾರೆ. ಆಟೋ, ಬಸ್ಸುಗಳ ಸ್ಪೀಕರಿನಲ್ಲಿ ಗಂಡಸರು ಹೆಂಗಸಿನ ರವಿಕೆಯ ಬಗ್ಗೆ ಹಾಡುತ್ತಾರೆ. ನನಗೆ ಕಿರಿಕಿರಿ ಆಗುವುದು ಈ ತಿರುವುಮುರುವಿಗೆ.

ಒಂದು ಮದುವೆಗೆ ವರನ ದಿಬ್ಬಣದಲ್ಲಿ ಹೋಗಿದ್ದೆ. ಊಟಕ್ಕೆ ಕೂತಾಗ ಒಳಗಿನಿಂದ ಹಾಡು ಶುರುವಾಯಿತು. ಯಾರೋ ನನ್ನ ಹೆಸರು ಹೇಳಿಕೊಟ್ಟಿದ್ದರು. 'ಮ್ಯಾನೇಜರ್ ಬಾಬು'ವಿನ ಅಕ್ಕ, ಅತ್ತೆ, ಸೋದರತ್ತೆ ಯಾರನ್ನೂ ಬಿಡಲಿಲ್ಲ. ಪೂರಿ ಗಂಟಲಲ್ಲೇ ಸಿಕ್ಕಿಕೊಂಡಿತು. ಪಕ್ಕದಲ್ಲಿದ್ದ ಹಿರಿಯರು ನಗುತ್ತಾ, "ಇಷ್ಟು ಚೆನ್ನಾಗಿ ಬೈದಿದ್ದಾರೆ, ನೇಗ್ ಕೊಡಿ" ಅಂದರು. ನೇಗ್ ಅಂದರೆ ಶಾಸ್ತ್ರದ ಉಡುಗೊರೆ. ನೂರು ರೂಪಾಯಿ ಒಳಗೆ ಕಳಿಸಿದೆ. ಇನ್ನೊಂದು ನುಡಿ ಬಂತು, ಈ ಸಲ ಜಿಪುಣ ಅಂತ.