ಕರ್ನಾಟಕ ಬೇರೆ ದೇಶ ಆಗಬಹುದಾ ಅಂತ ಕೇಳುವವರಿಗೆ

ಆಗಲ್ಲ. ಕರ್ನಾಟಕವಾಗಲಿ, ಇನ್ಯಾವ ರಾಜ್ಯವಾಗಲಿ, ಭಾರತ ಬಿಟ್ಟು ಹೋಗುವ ಹಕ್ಕು ನಮ್ಮ ಸಂವಿಧಾನದಲ್ಲಿ ಇಲ್ಲ.

ನಾನು ರಾಜ್ಯಶಾಸ್ತ್ರದ ಮೇಷ್ಟ್ರು ಅಂತ ಗೊತ್ತಾದರೆ ಸಾಕು, ಚಿಂತಾಮಣಿಯ ಟೀ ಅಂಗಡಿಯಲ್ಲೂ ಇದೇ ಪ್ರಶ್ನೆ, ಮದುವೆ ಮನೆಯಲ್ಲೂ ಇದೇ. ಕೇಳುವ ರೀತಿ ನೋಡಿದರೆ ಸಿಟ್ಟು ಬರುತ್ತದೆ. "ನಮ್ಮ ತೆರಿಗೆಯೆಲ್ಲ ದೆಹಲಿಗೆ ಹೋಗುತ್ತೆ. ನಾವು ಬೇರೆ ಹೋಗ್ತೀವಿ ಅಂದ್ರೆ ಹೋಗಬಹುದು ತಾನೇ ಮೇಷ್ಟ್ರೇ?" ನಾನು ಹೂಂ ಅನ್ನಬೇಕು ಅಷ್ಟೆ. ಅನ್ನದಿದ್ದರೆ ನಾನು ದೆಹಲಿ ಕಡೆಯವನು!

ತೆರಿಗೆಯ ಸಿಟ್ಟು ಸುಳ್ಳಲ್ಲ. ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇತ್ತು. 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. ಅದಕ್ಕೆ ಜಗಳ ಆಡಲೇಬೇಕು. ಆದರೆ ಬಿಟ್ಟು ಹೋಗುವುದು ಬೇರೆ ಮಾತು. ರಾಜ್ಯಗಳು ಒಪ್ಪಂದ ಮಾಡಿಕೊಂಡು ಈ ಒಕ್ಕೂಟ ಕಟ್ಟಿದ್ದಲ್ಲ, ಹಾಗಾಗಿ ಯಾರಿಗೂ ಹೊರಹೋಗುವ ಹಕ್ಕಿಲ್ಲ ಅಂತ ಅಂಬೇಡ್ಕರ್ 1948ರಲ್ಲೇ ಸಂವಿಧಾನ ಸಭೆಗೆ ಹೇಳಿದ್ದರು. ದಕ್ಷಿಣಕ್ಕೆ ಬೇರೆ ದೇಶ ಬೇಕು ಅನ್ನುವ ದ್ರಾವಿಡ ನಾಡಿನ ಕೂಗು ಎದ್ದ ಮೇಲೆ, ಸಂವಿಧಾನಕ್ಕೆ 1963ರ 16ನೇ ತಿದ್ದುಪಡಿ ಬಂತು. ಅಂದಿನಿಂದ ಚುನಾವಣೆಗೆ ನಿಲ್ಲುವವರೂ ದೇಶದ ಅಖಂಡತೆ ಕಾಪಾಡುತ್ತೇನೆ ಅಂತ ಪ್ರಮಾಣ ಮಾಡಬೇಕು.

ಒಂದು ಗೃಹಪ್ರವೇಶದ ಊಟದಲ್ಲಿ ಸಂಬಂಧಿಕರೊಬ್ಬರು ಇಷ್ಟೂ ಕೇಳಿಸಿಕೊಂಡು, "ಕೋಲಾರದಿಂದ ಚಿಕ್ಕಬಳ್ಳಾಪುರ ಬೇರೆ ಆಗಲಿಲ್ವಾ ಭಾವ? ಹಾಗೇ" ಅಂದರು. ಪಂಕ್ತಿಯೆಲ್ಲ ತಲೆಯಾಡಿಸಿತು. ನನಗೆ ಊಟ ಸೇರಲಿಲ್ಲ. ಅಲ್ಲ ಸ್ವಾಮಿ, 2007ರಲ್ಲಿ ನಮ್ಮ ತಾಲೂಕುಗಳು ತಾವಾಗಿ ಎದ್ದು ಹೋದವಾ? ರಾಜ್ಯ ಸರ್ಕಾರ ಜಿಲ್ಲೆ ಒಡೆಯಿತು. ಒಡೆಯುವ ಅಧಿಕಾರ ಮೇಲಿನವರದು.

ರಾಜ್ಯಗಳ ಕಥೆಯೂ ಅದೇ. ನೀವು ಕೇಳಬೇಕಾದದ್ದು ಇದನ್ನು: ನಾವು ಒಪ್ಪದಿದ್ದರೂ ಕರ್ನಾಟಕವನ್ನು ಎರಡು ಮಾಡಬಹುದಾ? ಮಾಡಬಹುದು! ಸಂವಿಧಾನದ 3ನೇ ವಿಧಿ ಓದಿ. ಸಂಸತ್ತು ಸಾಧಾರಣ ಬಹುಮತದಲ್ಲೇ ಒಂದು ರಾಜ್ಯದ ಗಡಿ, ಹೆಸರು, ಎಲ್ಲ ಬದಲಾಯಿಸಬಹುದು. ಮಸೂದೆಯನ್ನು ಆ ರಾಜ್ಯದ ಶಾಸಕಾಂಗಕ್ಕೆ ಕಳಿಸಿ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಬಾಗೇಪಲ್ಲಿ ದಾಟಿದರೆ ಸಿಗುವ ಆಂಧ್ರವನ್ನೇ ನೋಡಿ. 2014ರ ಜನವರಿಯಲ್ಲಿ ಅಲ್ಲಿನ ವಿಧಾನಸಭೆ ವಿಭಜನೆ ಬೇಡ ಅಂದಿತು. ಫೆಬ್ರುವರಿಯಲ್ಲಿ ಸಂಸತ್ತು ಮಸೂದೆ ಪಾಸು ಮಾಡಿತು. ಜೂನ್ 2ಕ್ಕೆ ತೆಲಂಗಾಣ ಬಂತು. 2019ರಲ್ಲಿ ಜಮ್ಮು ಕಾಶ್ಮೀರ ರಾಜ್ಯ ಹೋಗಿ ಎರಡು ಕೇಂದ್ರಾಡಳಿತ ಪ್ರದೇಶವಾದಾಗ ಅಭಿಪ್ರಾಯ ಕೇಳಲು ಅಲ್ಲಿ ವಿಧಾನಸಭೆಯೇ ಇರಲಿಲ್ಲ.

ಅದೇ ನೆಲವನ್ನು ಇನ್ನೊಂದು ದೇಶಕ್ಕೆ ಕೊಡಬೇಕಾದರೆ? ಬಂಗಾಳದ ಬೆರುಬಾರಿಯ ಒಂದು ಭಾಗವನ್ನು ಪಾಕಿಸ್ತಾನಕ್ಕೆ ಕೊಡಲು ಕೇಂದ್ರ ಹೊರಟಾಗ, ಸಂವಿಧಾನವನ್ನೇ ತಿದ್ದಬೇಕು ಅಂತ 1960ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೇಶದ ಗಡಿಗೆ ಅಷ್ಟು ಕಾವಲು, ರಾಜ್ಯದ ಗಡಿಗೆ ಇಷ್ಟೇನಾ?

ವಿಧಾನಸಭೆಯ ಒಪ್ಪಿಗೆ ಕಡ್ಡಾಯವಾಗಿದ್ದರೆ ತೆಲಂಗಾಣ ಹುಟ್ಟುತ್ತಲೇ ಇರಲಿಲ್ಲ, ಒಪ್ಪುತ್ತೇನೆ. ಆದರೂ ಜನ ಆರಿಸಿದ ಸಭೆ ಬೇಡ ಅಂದ ಮೇಲೆ ಸಂಸತ್ತಿನಲ್ಲಿ ಮೂರನೇ ಎರಡರಷ್ಟು ಬಹುಮತವಾದರೂ ಬೇಕು ಅನ್ನುವುದು ನನ್ನ ವಾದ. ಈ ವಿಷಯಕ್ಕೆ ಜಗಳಕ್ಕೆ ಬನ್ನಿ, ಎಷ್ಟು ಹೊತ್ತಾದರೂ ಕೂರುತ್ತೇನೆ.