ಕಾಲಿನ ‘ನರ’, ಎದೆಯ ನಾಳ, ಮುಂಗೈ: ಬೈಪಾಸ್‌ಗೆ ಯಾವುದು?

ಶಿಡ್ಲಘಟ್ಟ, ಚಿಂತಾಮಣಿ ಕಡೆ ಮನೆಯಲ್ಲಿ ಯಾರಿಗಾದರೂ ಬೈಪಾಸ್ ಅಂತ ಗೊತ್ತಾದರೆ ಮೊದಲು ಏಳುವ ಮಾತು ಇದು: ‘ಕಾಲಿನ ನರ ಕಿತ್ತು ಹಾರ್ಟಿಗೆ ಹಾಕ್ತಾರಂತೆ, ಆಮೇಲೆ ನಡೆಯೋಕಾಗುತ್ತಾ?’ ನಮ್ಮ ಆಡುಮಾತಿನಲ್ಲಿ ರಕ್ತನಾಳವೂ ನರವೇ, ಸ್ಪರ್ಶ ತಿಳಿಸುವುದೂ ನರವೇ. ಬೈಪಾಸ್ ಅಂದರೆ ಹೃದಯದ ನಾಳದ ಬ್ಲಾಕ್ ದಾಟಿಸಿ ರಕ್ತ ಹರಿಸಲು ಬೇರೆ ನಾಳ ಜೋಡಿಸುವುದು. ಅದಕ್ಕಾಗಿ ತೆಗೆಯುವುದು ರಕ್ತನಾಳವನ್ನು. ಪಾದದ ಒಳಗಂಟಿನ ಮುಂದಿನಿಂದ ತೊಡೆಸಂದಿಯವರೆಗೆ ಚರ್ಮದ ಕೆಳಗೇ ಹಾದುಹೋಗುವ ಸಫೀನಸ್ ವೇನ್ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಅದು. ಕಾಲಿನ ರಕ್ತವನ್ನು ಮೇಲಕ್ಕೆ ಒಯ್ಯುವ ಮುಖ್ಯ ಕೆಲಸ ಆಳದ ವೇನ್‌ಗಳದ್ದು, ಆದ್ದರಿಂದ ನಡಿಗೆಗೆ ತೊಂದರೆಯಿಲ್ಲ. ಕೆಲವು ವಾರ ಪಾದ ಊದಬಹುದು. ಮಂಡಿಯ ಕೆಳಗೆ ಇದಕ್ಕೆ ಅಂಟಿಕೊಂಡೇ ನಿಜವಾದ ನರವೊಂದು ಹೋಗುತ್ತದೆ. ಅದಕ್ಕೆ ಪೆಟ್ಟಾದರೆ ಕಾಲಿನ ಒಳಬದಿ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ.

ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಲ್‌ಎಡಿ ನಾಳಕ್ಕೆ ಏನು ಜೋಡಿಸಬೇಕು ಎಂಬುದರಲ್ಲಿ ಈಗ ಚರ್ಚೆಯೇ ಉಳಿದಿಲ್ಲ. ಎದೆಮೂಳೆಯ ಎಡ ಅಂಚಿನ ಹಿಂದೆ ಇಳಿಯುವ ಮ್ಯಾಮರಿ ಆರ್ಟರಿ (ಹೃದಯದಿಂದ ಹೊರಟ ರಕ್ತ ಒಯ್ಯುವ ನಾಳ), ಅಂದರೆ ‘ಲಿಮಾ’. 1964ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಸರ್ಜನ್ ಕೊಲೆಸೊವ್ ಇದನ್ನು ಹೃದಯದ ನಾಳಕ್ಕೆ ಹೊಲಿದರು. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಸರ್ಜನ್ ಫವಲೋರೊ ಕಾಲಿನ ವೇನ್ ಬಳಸಿದ ಮೇಲೆ, ತೆಗೆಯಲು ಸುಲಭ ಅಂತ ಬಹುಕಾಲ ವೇನ್‌ದೇ ಮೇಲುಗೈಯಾಯಿತು. ಹತ್ತು ವರ್ಷಗಳ ಲೆಕ್ಕ ಬಂದಾಗ ಚಿತ್ರ ತಿರುಗಿತು: ಲಿಮಾ 100ಕ್ಕೆ ಸುಮಾರು 90 ತೆರೆದೇ ಇರುತ್ತದೆ, ವೇನ್ ಸುಮಾರು ಅರ್ಧ. ವೇನ್ ಹುಟ್ಟಿದ್ದು ಕಡಿಮೆ ಒತ್ತಡಕ್ಕೆ. ಮಹಾಧಮನಿಗೆ ಜೋಡಿಸಿದರೆ ಅದರ ಗೋಡೆ ದಪ್ಪವಾಗುತ್ತದೆ, ವರ್ಷಗಳು ಕಳೆದಂತೆ ಒಳಗೆ ಕೊಬ್ಬು ಕಟ್ಟುತ್ತದೆ.

ಹಾಗಾಗಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ‘ಎರಡನೆಯ, ಮೂರನೆಯ ಗ್ರಾಫ್ಟ್ ಯಾವುದು?’ ಎಂಬುದು. ಗ್ರಾಫ್ಟ್ ಅಂದರೆ ಹೀಗೆ ತಂದು ಜೋಡಿಸುವ ನಾಳ.

ಮುಂಗೈಯ ರೇಡಿಯಲ್ ಆರ್ಟರಿಯನ್ನು 1970ರ ದಶಕದ ಆರಂಭದಲ್ಲಿ ಬಳಸಿ, ಸೆಟೆದುಕೊಂಡು ಮುಚ್ಚುತ್ತದೆ ಅಂತ ಕೈಬಿಟ್ಟಿದ್ದರು. 1990ರ ದಶಕದಲ್ಲಿ ಅದು ಮರಳಿ ಬಂತು. ಅದರ ಸ್ನಾಯುಪದರ ದಪ್ಪ. ಎದುರಿನಿಂದ ಹಳೆಯ ನಾಳದಲ್ಲೇ ರಕ್ತ ಚೆನ್ನಾಗಿ ಬರುತ್ತಿದ್ದರೆ ಇದು ಮುದುಡಿ ದಾರದಂತಾಗುತ್ತದೆ. ಅದಕ್ಕೇ ಎಡಬದಿಯ ನಾಳದಲ್ಲಿ ಬ್ಲಾಕ್ 70 ಶೇಕಡಾಕ್ಕಿಂತ, ಬಲಬದಿಯದರಲ್ಲಿ 90ಕ್ಕಿಂತ ಹೆಚ್ಚಿದ್ದರೆ ಮಾತ್ರ ಇದು ಒಳ್ಳೆಯ ಆಯ್ಕೆ. 50–60ರ ಬ್ಲಾಕ್‌ಗೆ ಮುಂಗೈ ಕೊಯ್ಯುವುದು ದಂಡ. ಅಲ್ಲಿ ವೇನ್ ಸಾಕು.

ಕೈ ಸುರಕ್ಷಿತವೇ ಅಂತ ನೋಡಲು ಅಲೆನ್ ಪರೀಕ್ಷೆ ಇದೆ. ಮುಷ್ಟಿ ಬಿಗಿಹಿಡಿಸಿ, ಮಣಿಕಟ್ಟಿನ ಎರಡೂ ಬದಿ ಒತ್ತಿ, ಅಂಗೈ ಬಿಚ್ಚಿಸುತ್ತಾರೆ, ಅದು ಬಿಳಿಚಿರುತ್ತದೆ. ಕಿರುಬೆರಳಿನ ಬದಿಯ ಒತ್ತು ಮಾತ್ರ ಬಿಟ್ಟಾಗ ಐದಾರು ಸೆಕೆಂಡಿನಲ್ಲಿ ಕೆಂಪು ಮರಳಿದರೆ ಸರಿ. ಹತ್ತು ದಾಟಿದರೆ ಆ ಕೈ ಮುಟ್ಟಬಾರದು. ಅನುಮಾನವಿದ್ದರೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್. ಬಿಸಿನೀರಿನ ಬೇಸಿನ್‌ನಲ್ಲಿ ಬೆರಳ ತುದಿಯಿಂದ ರೇಷ್ಮೆಗೂಡಿನ ಎಳೆ ಹುಡುಕುವ ರೀಲರ್ ಆಗಿದ್ದರೆ ಕೆಲಸದ ಕೈ ಯಾವುದೆಂದು ಮೊದಲೇ ಹೇಳಿ. ಸಾಮಾನ್ಯವಾಗಿ ಕೆಲಸಕ್ಕೆ ಕಡಿಮೆ ಬಳಸುವ ಕೈಯಿಂದಲೇ ತೆಗೆಯುತ್ತಾರೆ. ದಿನವಿಡೀ ನಿಂತು ದುಡಿದು ಕಾಲಿನಲ್ಲಿ ವೇನ್ ಹಾವಿನಂತೆ ಉಬ್ಬಿದ್ದರೆ ಅದು ಗ್ರಾಫ್ಟ್‌ಗೆ ಬಾರದು.

ವೇನ್ ಬಾಳಿಕೆ ಅದನ್ನು ತೆಗೆಯುವ ಕೈಯಲ್ಲೂ ಇದೆ. ಕವಲುಗಳನ್ನು ಕಟ್ಟಿ, ಒಳಗಿನ ಕವಾಟಗಳು ಹರಿವಿಗೆ ಅಡ್ಡವಾಗದಂತೆ ತಲೆಕೆಳಗಾಗಿ ತಿರುಗಿಸಿ ಹೊಲಿಯುತ್ತಾರೆ. ಸೋರುತ್ತದೆಯೇ ಅಂತ ಸಿರಿಂಜಿನಿಂದ ಜೋರಾಗಿ ಉಬ್ಬಿಸಿದರೆ ಒಳಪದರ ಹರಿಯುತ್ತದೆ, ಹೆಪ್ಪು ಅಲ್ಲಿಂದಲೇ ಶುರು. ಸುತ್ತಲಿನ ಕೊಬ್ಬನ್ನು ಬಿಡಿಸದೆ, ಹಿಗ್ಗಿಸದೆ ತೆಗೆಯುವ ‘ನೋ-ಟಚ್’ ವಿಧಾನ ಇದಕ್ಕಾಗಿಯೇ ಬಂದದ್ದು. ಬೆಲೆಯಾಗಿ ಕಾಲಿನ ಗಾಯ ಮಾಯಲು ತಡ. ಮೊದಲ ವರ್ಷವೇ ಹತ್ತರಲ್ಲಿ ಒಂದಾದರೂ ವೇನ್ ಮುಚ್ಚುವುದುಂಟು. ಆಪರೇಷನ್ ಆದ ಆರು ಗಂಟೆಯೊಳಗೆ ಶುರುವಾಗುವ ಆಸ್ಪಿರಿನ್ ಮತ್ತು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಅದನ್ನೇ ತಡೆಯಲು. ‘ಚೆನ್ನಾಗಿದ್ದೀನಿ’ ಅಂತ ಇವನ್ನು ನಿಲ್ಲಿಸುವವರೂ ಇದ್ದಾರೆ.

ಎಡ, ಬಲ ಎರಡೂ ಮ್ಯಾಮರಿ ತೆಗೆಯಬಹುದು. ಆದರೆ ಎದೆಮೂಳೆಗೆ ರಕ್ತ ಕೊಡುವುದೂ ಅವೇ. ಸಕ್ಕರೆ ಹಿಡಿತಕ್ಕೆ ಬಾರದವರಲ್ಲಿ, ದಪ್ಪಗಿರುವವರಲ್ಲಿ, ಬೀಡಿ ಬಿಡದವರಲ್ಲಿ ಎದೆಗಾಯ ಕೀವಾಗಿ ಮೂಳೆ ಕೂಡದೆ ಹೋಗುವ ಭಯ ಹೆಚ್ಚು. ಅಂಥವರಿಗೆ ನಾನಾದರೆ ಇದನ್ನು ಹೇಳುವುದಿಲ್ಲ.

ಆಪರೇಷನ್‌ಗೆ ಮೊದಲು ಎರಡೂ ತೋಳಿನ ಬಿಪಿ ಅಳೆಸಿ. ಎಡತೋಳಿನದು ತುಂಬ ಕಡಿಮೆಯಿದ್ದರೆ ಲಿಮಾ ಹುಟ್ಟುವ ನಾಳದಲ್ಲೇ ಅಡಚಣೆ ಇರಬಹುದು. ಎಡಗೈಯಲ್ಲಿ ಡಯಾಲಿಸಿಸ್‌ಗಾಗಿ ಆರ್ಟರಿ-ವೇನ್ ಕೂಡಿಸಿದ ಫಿಸ್ಟುಲಾ ಇದ್ದರೆ, ಎದೆಗೆ ರೇಡಿಯೇಷನ್ ಆಗಿದ್ದರೆ, ಉಬ್ಬಿದ ವೇನ್‌ಗೆ ಹಿಂದೆ ಆಪರೇಷನ್ ಆಗಿದ್ದರೆ ಬಾಯಿಬಿಟ್ಟು ಹೇಳಿ. ಕಿಡ್ನಿ ಸೋಲುತ್ತಿದ್ದರೆ ಮುಂಗೈ ನಾಳ ಮುಂದಿನ ಫಿಸ್ಟುಲಾಗೆ ಉಳಿಯಲಿ. ಮಣಿಕಟ್ಟಿನಿಂದ ಆಂಜಿಯೋಗ್ರಾಮ್ ಆಗಿದ್ದರೆ ಆ ಕೈಯ ರೇಡಿಯಲ್ ಗ್ರಾಫ್ಟ್‌ಗೆ ಬೇಡ. ಎಡ ಮುಂಗೈಯಿಂದ ತೆಗೆಯುವುದೆಂದು ಗೊತ್ತಾದರೆ, ಅಡ್ಮಿಟ್ ಆದ ದಿನವೇ ಸಿಸ್ಟರ್‌ಗೆ ‘ಈ ಕೈಗೆ ಸೂಜಿ ಬೇಡಮ್ಮ, ಬಲಗೈಗೆ ಹಾಕಿ’ ಅನ್ನಿ.